ರಾಷ್ಟ್ರದ ಯೋಜನೆ ತಾಲ್ಲೂಕಿನ ಕಾಲೇಜಿನಿಂದ ಹೊರಡಲಿ



ಉನ್ನತ ಶಿಕ್ಷಣಕ್ಕೆ ನಮ್ಮ ದೇಶ ಎಂಥ ಯೋಜನೆ ಹಾಕಿಕೊಳ್ಳಬೇಕು ಎಂಬುದು ಈ ಹೊತ್ತಿನ ವಿಷಯ. ಹೆಸರು ಕೇಳಿದರೆ ಇದು ದೆಹಲಿಯ ಕಚೇರಿಗಳಿಗೆ ಸೇರಿದ ಮಾತು, ನಮಗೇಕೆ ಎನ್ನಿಸಬಹುದು. ಆದರೆ ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಮನೆಮನೆಯಲ್ಲೂ ನಡೆಯುವ ಚರ್ಚೆ ಇದರ ಬಗ್ಗೆಯೇ. ಮಗಳನ್ನು ಎಲ್ಲಿಗೆ ಸೇರಿಸುವುದು? ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೋ, ಜಿಲ್ಲಾ ಕೇಂದ್ರಕ್ಕೋ, ಬೆಂಗಳೂರಿಗೋ? ಹಾಸ್ಟೆಲಿನಲ್ಲಿ ಜಾಗ ಸಿಕ್ಕೀತೆ? ಪದವಿ ಮೂರು ವರ್ಷದ್ದೋ ನಾಲ್ಕು ವರ್ಷದ್ದೋ? ಆ ಕಾಲೇಜಿನಲ್ಲಿ ಪಾಠ ಹೇಳುವವರು ಇದ್ದಾರೆಯೇ? ಒಂದು ದೇಶವಾಗಿ ಈ ಪ್ರಶ್ನೆಗಳಿಗೆ ನಾವು ಕೊಡುವ ಒಟ್ಟು ಉತ್ತರವೇ ಉನ್ನತ ಶಿಕ್ಷಣದ ರಾಷ್ಟ್ರೀಯ ಯೋಜನೆ.

ಸ್ವಾತಂತ್ರ್ಯ ಬಂದಾಗಿನಿಂದ ಇಂಥ ಉತ್ತರವನ್ನು ನಮ್ಮ ಹಿರಿಯರು ಹಲವು ಸಲ ಬರೆದಿದ್ದಾರೆ. ಬರೆದವರು ಸಾಮಾನ್ಯರಲ್ಲ, ಬರೆದದ್ದು ಹಗುರವಾದದ್ದೂ ಅಲ್ಲ. ಆದರೂ ಪ್ರತಿ ಸಲವೂ ಯೋಜನೆ ಒಂದೇ ಜಾಗದಲ್ಲಿ ಬಂದು ನಿಂತಿದೆ. ಆ ಜಾಗ ತಾಲ್ಲೂಕಿನ ಸಾಧಾರಣ ಪದವಿ ಕಾಲೇಜು. ಮುಂದಿನ ಯೋಜನೆ ಅಲ್ಲಿಗೆ ಕೊನೆಯಲ್ಲಿ ಹೋಗಿ ತಲುಪುವ ಬದಲು ಅಲ್ಲಿಂದಲೇ ಹೊರಡಬೇಕು ಎಂಬುದು ನನ್ನ ವಾದ.

ಮೊದಲು ದೇಶದ ಚಿತ್ರ ನೋಡೋಣ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿರುವವರು ಸುಮಾರು 4 ಕೋಟಿ 33 ಲಕ್ಷ. ವಿಶ್ವವಿದ್ಯಾಲಯಗಳು 1,168, ಕಾಲೇಜುಗಳು 45,473. ಹದಿನೆಂಟರಿಂದ ಇಪ್ಪತ್ಮೂರು ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ದಾಖಲಾತಿ ನೂರಕ್ಕೆ ಇಪ್ಪತ್ತೆಂಟು. ಓದುತ್ತಿರುವ ಹತ್ತು ಮಂದಿಯಲ್ಲಿ ಹೆಚ್ಚುಕಡಿಮೆ ಎಂಟು ಮಂದಿ ಪದವಿ ತರಗತಿಯವರು, ಮತ್ತು ಪದವಿ ವಿದ್ಯಾರ್ಥಿಗಳಲ್ಲಿ ಮೂರನೆಯ ಒಂದು ಭಾಗ ಕಲಾ ವಿಭಾಗದವರು. ಐಐಟಿಗಳು ಇಡೀ ದೇಶಕ್ಕೆ 23. ಪತ್ರಿಕೆಗಳಲ್ಲಿ ದಿನವೂ ಸುದ್ದಿಯಾಗುವುದು ಅವುಗಳ ಪ್ರವೇಶ ಪರೀಕ್ಷೆ, ಅವುಗಳ ಸಂಬಳದ ಪ್ಯಾಕೇಜು. ಆದರೆ ದೇಶದ ಯುವಜನ ಕುಳಿತಿರುವುದು ಬಿ.ಎ., ಬಿ.ಕಾಂ., ಬಿ.ಎಸ್ಸಿ. ತರಗತಿಯ ಬೆಂಚುಗಳಲ್ಲಿ.

ಆ ತರಗತಿಗಳು ಇರುವುದು ಬಹುಪಾಲು ಸಂಯೋಜಿತ ಕಾಲೇಜುಗಳಲ್ಲಿ. ಪಾಠ ಕಾಲೇಜಿನಲ್ಲಿ ನಡೆಯುತ್ತದೆ. ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಪದವಿ ಪ್ರಮಾಣಪತ್ರ ಎಲ್ಲವೂ ದೂರದ ವಿಶ್ವವಿದ್ಯಾಲಯದ್ದು. ಈ ಏರ್ಪಾಡು ನಮ್ಮಲ್ಲಿ ಹುಟ್ಟಿದ್ದಲ್ಲ. ಚಾರ್ಲ್ಸ್ ವುಡ್ 1854ರಲ್ಲಿ ಕಳಿಸಿದ ಶಿಕ್ಷಣ ಆದೇಶದಂತೆ 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ಮೂರು ವಿಶ್ವವಿದ್ಯಾಲಯಗಳು ಹುಟ್ಟಿದವು. ಅವುಗಳಿಗೆ ಮಾದರಿ ಆಗಿನ ಲಂಡನ್ ವಿಶ್ವವಿದ್ಯಾಲಯ. ಅದು ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುತ್ತಿತ್ತು. ಲಂಡನ್ ತನ್ನ ತಪ್ಪನ್ನು ಕಂಡುಕೊಂಡು 1898ರ ಕಾನೂನಿನ ಮೂಲಕ ಪಾಠ ಹೇಳುವ ವಿಶ್ವವಿದ್ಯಾಲಯವಾಯಿತು. ಅಲ್ಲಿಂದ ನಾವು ತಂದುಕೊಂಡ ಹಳೆಯ ಪದ್ಧತಿ ಮಾತ್ರ ಇಲ್ಲಿ ಬೇರೂರಿತು. 2017ರಲ್ಲಿ ಮೂರು ಭಾಗವಾಗುವ ಮೊದಲು ಬೆಂಗಳೂರು ವಿಶ್ವವಿದ್ಯಾಲಯ ಒಂದರ ಕೆಳಗೇ ಆರುನೂರಕ್ಕೂ ಹೆಚ್ಚು ಕಾಲೇಜುಗಳಿದ್ದವು. ಅಷ್ಟು ಕಾಲೇಜುಗಳ ಪ್ರಶ್ನೆಪತ್ರಿಕೆ, ಫಲಿತಾಂಶ, ಮರುಮೌಲ್ಯಮಾಪನ ನೋಡಿಕೊಳ್ಳುವ ವಿಶ್ವವಿದ್ಯಾಲಯಕ್ಕೆ ಸಂಶೋಧನೆಯ ಬಗ್ಗೆ ಚಿಂತಿಸಲು ಪುರುಸೊತ್ತು ಎಲ್ಲಿಂದ ಬರಬೇಕು? ತನ್ನ ವಿದ್ಯಾರ್ಥಿಗೆ ಏನು ಕಲಿಸಬೇಕೆಂದು ನಿರ್ಧರಿಸುವ ಅಧಿಕಾರವೇ ಇಲ್ಲದ ಕಾಲೇಜಿಗೆ ಹೊಣೆಗಾರಿಕೆ ಎಲ್ಲಿಂದ ಬರಬೇಕು?

ಇದಕ್ಕಿಂತ ಬೇರೆ ದಾರಿ ಹುಡುಕಿದವರು ನಮ್ಮ ನಾಡಿನಲ್ಲೇ ಇದ್ದರು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಮದ್ರಾಸಿನ ಪರೀಕ್ಷೆಗೆ ಮೈಸೂರಿನ ಹುಡುಗರನ್ನು ತಯಾರು ಮಾಡಿದರೆ ಸಾಲದು, ನಮ್ಮ ಸೀಮೆಯ ಅಗತ್ಯಕ್ಕೆ ತಕ್ಕ ವಿಶ್ವವಿದ್ಯಾಲಯ ನಮಗೇ ಬೇಕು ಎಂದು ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ನಿಶ್ಚಯಿಸಿದರು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ, ಆಮೇಲೆ ಬಂದವರು ಬ್ರಜೇಂದ್ರನಾಥ ಸೀಲ್. 1918ರಿಂದ 1921ರವರೆಗೆ ಅಲ್ಲಿ ತತ್ತ್ವಶಾಸ್ತ್ರ ಬೋಧಿಸಿದವರು ತರುಣ ಪ್ರಾಧ್ಯಾಪಕ ಸರ್ವೇಪಲ್ಲಿ ರಾಧಾಕೃಷ್ಣನ್.

ಸ್ವತಂತ್ರ ಭಾರತದ ಮೊದಲ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದವರೂ ಅದೇ ರಾಧಾಕೃಷ್ಣನ್. 1948ರ ಕೊನೆಯಲ್ಲಿ ನೇಮಕವಾದ ಆಯೋಗ 1949ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಝಾಕಿರ್ ಹುಸೇನ್, ಮೇಘನಾದ ಸಹಾ, ಲಕ್ಷ್ಮಣಸ್ವಾಮಿ ಮೊದಲಿಯಾರ್ ಅಂಥವರು ಅದರ ಸದಸ್ಯರು. ಒಂದೇ ಒಂದು ಸುಧಾರಣೆ ಮಾಡುವುದಾದರೆ ಪರೀಕ್ಷೆಯಿಂದ ತೊಡಗಿ ಎಂದು ಅವರು ಹೇಳಿದರು. ಹಳ್ಳಿಗಳ ದೇಶಕ್ಕೆ ಗ್ರಾಮೀಣ ವಿಶ್ವವಿದ್ಯಾಲಯಗಳು ಬೇಕೆಂದು ವಿಸ್ತಾರವಾಗಿ ಬರೆದರು. ವಿಶ್ವವಿದ್ಯಾಲಯಗಳಿಗೆ ಹಣ ಹಂಚಲು ಒಂದು ಆಯೋಗ ಬೇಕೆಂದರು. ಈ ಕೊನೆಯ ಮಾತು ನಡೆಯಿತು: ಯುಜಿಸಿ 1953ರಲ್ಲಿ ಆರಂಭವಾಗಿ 1956ರಲ್ಲಿ ಕಾನೂನಿನ ಬಲ ಪಡೆಯಿತು. ಪರೀಕ್ಷೆ ಮತ್ತು ಹಳ್ಳಿಯ ಮಾತುಗಳು ಕಪಾಟಿನಲ್ಲಿ ಉಳಿದವು.

ಎರಡನೆಯದು 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ. ಭೌತವಿಜ್ಞಾನಿ ಡಿ.ಎಸ್. ಕೊಠಾರಿ ಅಧ್ಯಕ್ಷರು, ಜೆ.ಪಿ. ನಾಯಕ್ ಸದಸ್ಯ ಕಾರ್ಯದರ್ಶಿ. ರಾಷ್ಟ್ರೀಯ ಆದಾಯದ ನೂರಕ್ಕೆ ಆರು ಭಾಗ ಶಿಕ್ಷಣಕ್ಕೆ ಮೀಸಲಾಗಬೇಕೆಂಬ ಲೆಕ್ಕ ಬಂದದ್ದು ಅಲ್ಲಿಂದ. ಒಳ್ಳೆಯ ಕಾಲೇಜುಗಳಿಗೆ ಸ್ವಾಯತ್ತತೆ ಕೊಡಿ ಎಂದದ್ದೂ ಅವರೇ. 1968ರ ನೀತಿ, 1986ರ ನೀತಿ, 2020ರ ನೀತಿ ಮೂರೂ ಆರು ಭಾಗದ ಮಾತನ್ನು ಪುನರುಚ್ಚರಿಸಿದವು. ಆ ಆರನ್ನು ನಾವು ಈವರೆಗೆ ಒಂದು ವರ್ಷವೂ ಮುಟ್ಟಿಲ್ಲ. ಸ್ವಾಯತ್ತ ಕಾಲೇಜುಗಳ ಪ್ರಯೋಗ 1978ರಲ್ಲಿ ತಮಿಳುನಾಡಿನಲ್ಲಿ ಶುರುವಾಯಿತು. ಸಂಖ್ಯೆ ಸಾವಿರ ದಾಟಲು ನಾಲ್ಕೂವರೆ ದಶಕ ಹಿಡಿಯಿತು. ಕಾಲೇಜುಗಳು ನಲವತ್ತೈದು ಸಾವಿರಕ್ಕೂ ಹೆಚ್ಚು ಎಂಬುದನ್ನು ಜೊತೆಗಿಟ್ಟು ನೋಡಿ.

ಮೂರನೆಯದು 2020ರ ಜುಲೈ 29ರಂದು ಬಂದ ರಾಷ್ಟ್ರೀಯ ಶಿಕ್ಷಣ ನೀತಿ. ಅದರ ಕರಡು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು ಬೆಂಗಳೂರಿನಲ್ಲಿ ನೆಲೆಸಿದ್ದ ವಿಜ್ಞಾನಿ ಕೆ. ಕಸ್ತೂರಿರಂಗನ್. ದಾಖಲಾತಿ 2035ರ ಹೊತ್ತಿಗೆ ನೂರಕ್ಕೆ ಐವತ್ತಾಗಬೇಕು ಎನ್ನುತ್ತದೆ ಆ ನೀತಿ. ಹದಿನೈದು ವರ್ಷಗಳಲ್ಲಿ ಸಂಯೋಜನಾ ಪದ್ಧತಿ ಹಂತಹಂತವಾಗಿ ಹೋಗಬೇಕು, ಪ್ರತಿ ಕಾಲೇಜು ತಾನೇ ಪದವಿ ಕೊಡುವಂತಾಗಬೇಕು ಎನ್ನುತ್ತದೆ. ಇದು 1857ರ ಗಂಟನ್ನು ಬಿಚ್ಚುವ ಮಾತು, ಸ್ವಾಗತಿಸಬೇಕಾದದ್ದು. ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ನಾಲ್ಕು ವಿಭಾಗಗಳಲ್ಲಿ ಕಾಯಂ ಅಧ್ಯಾಪಕರೇ ಇಲ್ಲದ ಕಾಲೇಜು ಯಾರ ಕೈಯಿಂದ ಪಠ್ಯಕ್ರಮ ಬರೆಸೀತು, ಯಾರ ಸಹಿ ಹಾಕಿ ಪದವಿ ಕೊಟ್ಟೀತು? ಕೆರೆ ತುಂಬಿಸದೆ ತೂಬು ಎತ್ತಿದರೆ ಗದ್ದೆಗೆ ನೀರು ಹರಿಯುವುದಿಲ್ಲ.

ಸಿದ್ಧತೆಯಿಲ್ಲದೆ ನೀತಿ ಬದಲಾದರೆ ಏನಾಗುತ್ತದೆಂದು ಕರ್ನಾಟಕದ ವಿದ್ಯಾರ್ಥಿಗಳು ಅನುಭವಿಸಿ ತಿಳಿದಿದ್ದಾರೆ. 2021ರ ಆಗಸ್ಟಿನಲ್ಲಿ ಹೊಸ ನೀತಿಯ ಜಾರಿಗೆ ಆದೇಶ ಹೊರಡಿಸಿದ ಮೊದಲ ರಾಜ್ಯ ನಮ್ಮದು. ಆ ವರ್ಷ ಸೇರಿದವರಿಗೆ ನಾಲ್ಕು ವರ್ಷದ ಆನರ್ಸ್, ಮುಕ್ತ ಆಯ್ಕೆಯ ವಿಷಯಗಳು, ನಡುವೆ ಬಿಟ್ಟು ಮತ್ತೆ ಸೇರುವ ಅವಕಾಶ ಎಲ್ಲ ಬಂತು. 2023ರಲ್ಲಿ ರಾಜ್ಯಕ್ಕೆ ತನ್ನದೇ ಶಿಕ್ಷಣ ನೀತಿ ಬೇಕೆಂದು ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚನೆಯಾಯಿತು. 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಎರಡು ಸರ್ಕಾರಗಳ ನಿಲುವಿಗೂ ಅವುಗಳದೇ ಕಾರಣಗಳಿವೆ, ಅವನ್ನು ತೂಗುವ ಜಾಗ ಇದಲ್ಲ. ನನ್ನ ಚಿಂತೆ ಮಕ್ಕಳದು. ಆ ವರ್ಷ ಒಂದೇ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಒಂದು ಪಠ್ಯಕ್ರಮ, ಎರಡು ಮತ್ತು ಮೂರನೆಯ ವರ್ಷದವರಿಗೆ ಇನ್ನೊಂದು. ಅಣ್ಣನ ಪುಸ್ತಕ ತಂಗಿಗೆ ಆಗಲಿಲ್ಲ. ಅಧ್ಯಾಪಕರು ಎರಡೆರಡು ಪಠ್ಯ ಇಟ್ಟುಕೊಂಡು ಒಂದೇ ಕಾರ್ಯಭಾರದಲ್ಲಿ ಪಾಠ ಹೇಳಿದರು. ಸರ್ಕಾರಗಳು ಬದಲಾಗುವುದು ಪ್ರಜಾಪ್ರಭುತ್ವದ ಧರ್ಮ. ಪದವಿಯ ಸ್ವರೂಪವೂ ಅದರ ಜೊತೆಗೆ ಬದಲಾಗುತ್ತ ಹೋದರೆ ನಷ್ಟ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮನೆಗಳಿಗೆ.

ಈ ಗೊಂದಲದ ಮೂಲ ಸಂವಿಧಾನದ ಅಧಿಕಾರ ಹಂಚಿಕೆಯಲ್ಲೂ ಇದೆ. 42ನೇ ತಿದ್ದುಪಡಿಯ ನಂತರ ಶಿಕ್ಷಣ ಸಮವರ್ತಿ ಪಟ್ಟಿಗೆ ಬಂತು. ಮಟ್ಟ ನಿಗದಿಪಡಿಸುವ, ಸಮನ್ವಯಗೊಳಿಸುವ ಅಧಿಕಾರ ಮೊದಲಿನಿಂದಲೂ ಕೇಂದ್ರದ್ದು. ಕಾಲೇಜು ಕಟ್ಟುವ, ಸಂಬಳ ಕೊಡುವ, ಹಾಸ್ಟೆಲ್ ನಡೆಸುವ ಭಾರ ಬಹುಪಾಲು ರಾಜ್ಯದ್ದು. ಹೀಗಿರುವಾಗ ಒಬ್ಬರು ಬರೆದು ಇನ್ನೊಬ್ಬರು ನಡೆಸುವ ಯೋಜನೆ ರಾಷ್ಟ್ರೀಯ ಆಗಲಾರದು. ಇಬ್ಬರೂ ಕೂತು ಬರೆದು, ಖರ್ಚನ್ನೂ ಹಂಚಿಕೊಂಡದ್ದೇ ರಾಷ್ಟ್ರೀಯ.

ಹಾಗಾದರೆ ಯೋಜನೆಯಲ್ಲಿ ಏನಿರಬೇಕು?

ಮೊದಲನೆಯದು ಅಧ್ಯಾಪಕರು. ನಮ್ಮ ರಾಜ್ಯದಲ್ಲಿ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳ ಪಾಠದ ಹೆಚ್ಚಿನ ಹೊರೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಇವರ ಗೌರವಧನ ತಿಂಗಳಿಗೆ ಹನ್ನೊಂದರಿಂದ ಹದಿಮೂರು ಸಾವಿರದಷ್ಟಿತ್ತು. 2022ರಲ್ಲಿ ಅದನ್ನು ಅರ್ಹತೆ ಮತ್ತು ಸೇವೆಗೆ ತಕ್ಕಂತೆ ಗರಿಷ್ಠ 32 ಸಾವಿರದವರೆಗೆ ಏರಿಸಿದರು. ಅತಿಥಿ ಅಧ್ಯಾಪಕರಿಗೆ ತಿಂಗಳಿಗೆ 50 ಸಾವಿರದವರೆಗೆ ಕೊಡಬಹುದೆಂದು ಯುಜಿಸಿ 2019ರಲ್ಲೇ ಹೇಳಿತ್ತು. ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲ, ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಕೆಲಸ ಇರುತ್ತದೆಂಬ ಭರವಸೆಯಿಲ್ಲ. ಹದಿನೈದು ಇಪ್ಪತ್ತು ವರ್ಷ ಹೀಗೆಯೇ ಪಾಠ ಹೇಳಿ ಕೂದಲು ನರೆತವರು ಇದ್ದಾರೆ. ಕಾಯಂ ನೇಮಕಾತಿ ನಡೆಯುವ ವೇಗವನ್ನೂ ನೋಡಿ. 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅಧಿಸೂಚನೆ ಬಂದದ್ದು 2021ರಲ್ಲಿ, ಪರೀಕ್ಷೆ ನಡೆದದ್ದು 2022ರ ಮಾರ್ಚಿನಲ್ಲಿ. ಆಯ್ಕೆಯಾದವರ ಕೈಗೆ ಆದೇಶ ತಲುಪಲು ಮತ್ತೆ ವರ್ಷಗಳೇ ಬೇಕಾದವು. ಅಷ್ಟರಲ್ಲಿ ಇನ್ನೊಂದಿಷ್ಟು ಜನ ನಿವೃತ್ತರಾದರು.

ಒಬ್ಬ ಅಧ್ಯಾಪಕನಿಗೆ ನೆಮ್ಮದಿಯ ಕೆಲಸ ಮತ್ತು ಯೋಚಿಸಲು ಸಮಯ ಸಿಕ್ಕರೆ ನಾಡಿಗೆ ಏನು ದಕ್ಕುತ್ತದೆ ಎಂಬುದಕ್ಕೆ ನೀವು ಈಗ ಆಲಿಸುತ್ತಿರುವ ಬಾನುಲಿಯೇ ಉದಾಹರಣೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಆರಂಭಿಸಿದರು. ಅದು ಅವರ ಪಠ್ಯಕ್ರಮದಲ್ಲಿ ಇರಲಿಲ್ಲ, ಯಾವ ಸುತ್ತೋಲೆಯೂ ಅದನ್ನು ಕೇಳಿರಲಿಲ್ಲ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಜೂನ್ ತಿಂಗಳಲ್ಲಿ ಕೌನ್ಸೆಲಿಂಗ್‌ಗೆ ಅರ್ಜಿ ಹಿಡಿದು ನಿಲ್ಲುವ ಉಪನ್ಯಾಸಕನಿಂದ ನಾವು ಅಂಥದ್ದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಮಂಜೂರಾದ ಹುದ್ದೆ ಖಾಲಿಯಾದ ವರ್ಷದೊಳಗೆ ತುಂಬಬೇಕು. ನೇಮಕಾತಿ ಪ್ರತಿ ವರ್ಷ ನಿಗದಿತ ತಿಂಗಳಲ್ಲಿ ನಡೆಯಬೇಕು. ಈಗಾಗಲೇ ದುಡಿದಿರುವ ಅತಿಥಿ ಉಪನ್ಯಾಸಕರ ಅನುಭವಕ್ಕೆ ಅದರಲ್ಲಿ ತೂಕ ಸಿಗಬೇಕು.

ಎರಡನೆಯದು ಹಣದ ದಾರಿ. ಕೇಂದ್ರ ಸರ್ಕಾರ ನಡೆಸುವ ಸಂಸ್ಥೆಗಳಿಗೆ ಪೂರ್ಣ ಅನುದಾನ, ಕಾಯಂ ಅಧ್ಯಾಪಕರು, ಆಡಳಿತದ ಸ್ವಾತಂತ್ರ್ಯ ಮೂರನ್ನೂ ಕೊಟ್ಟೆವು. ಅವು ಚೆನ್ನಾಗಿ ಬೆಳೆದವು. ಅಂದರೆ ಒಳ್ಳೆಯ ಸಂಸ್ಥೆ ಕಟ್ಟುವ ಬಗೆ ನಮಗೆ ಗೊತ್ತಿದೆ, ಅದನ್ನು ಕೆಲವರಿಗಷ್ಟೇ ಮೀಸಲಿಟ್ಟಿದ್ದೇವೆ. ರಾಜ್ಯದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗೆಂದೇ 2013ರಲ್ಲಿ ರೂಸಾ ಯೋಜನೆ ಬಂತು. 2023ರಲ್ಲಿ ಅದಕ್ಕೆ ಪಿಎಂ-ಉಷಾ ಎಂಬ ಹೊಸ ಹೆಸರು ಬಂತು. ಮೂರು ವರ್ಷಕ್ಕೆ ಇಡೀ ದೇಶದ ರಾಜ್ಯಗಳಿಗೆಲ್ಲ ಸೇರಿ ಸುಮಾರು 12,900 ಕೋಟಿ ರೂಪಾಯಿ. ಬಹುಪಾಲು ವಿದ್ಯಾರ್ಥಿಗಳಿರುವ ಕಡೆಗೆ ಇದು ತೀರ ಸಣ್ಣ ಕಾಲುವೆ. ಅದರಲ್ಲೂ ಹಣ ಹೆಚ್ಚಾಗಿ ಹೋಗುವುದು ಕಟ್ಟಡ, ಉಪಕರಣಗಳಿಗೆ. ಕೇಂದ್ರ ಸರ್ಕಾರ ಅಧ್ಯಾಪಕರ ಸಂಬಳದ ಒಂದು ಪಾಲನ್ನು ಹದಿನೈದು ವರ್ಷಗಳ ಮಟ್ಟಿಗಾದರೂ ಹೊತ್ತರೆ, ಹುದ್ದೆ ತುಂಬಲು ರಾಜ್ಯಗಳು ಹಿಂಜರಿಯುವ ಮುಖ್ಯ ಕಾರಣವೇ ಹೋಗುತ್ತದೆ.

ಹಣವಿಲ್ಲದೆ ಹೆಸರು ಕೊಟ್ಟರೆ ಏನಾಗುತ್ತದೆಂದು ಇತ್ತೀಚೆಗೆ ಕಂಡಿದ್ದೇವೆ. ಬೀದರ್, ಕೊಪ್ಪಳ, ಹಾವೇರಿ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಿಗೆ ಹೊಸ ವಿಶ್ವವಿದ್ಯಾಲಯಗಳು ಘೋಷಣೆಯಾದವು. ಜನ ಸಂತೋಷಪಟ್ಟರು, ಸಂತೋಷಪಡುವುದು ಸಹಜವೇ. ಕೆಲವೇ ವರ್ಷಗಳಲ್ಲಿ, ಹಣವಿಲ್ಲ, ಸಿಬ್ಬಂದಿಯಿಲ್ಲ, ಮುಚ್ಚೋಣವೇ ಅಥವಾ ಹಳೆಯದಕ್ಕೆ ಸೇರಿಸೋಣವೇ ಎಂಬ ಚರ್ಚೆ ಸಚಿವ ಸಂಪುಟದ ಉಪಸಮಿತಿಯವರೆಗೆ ಹೋಯಿತು.

ಮೂರನೆಯದು ನಕ್ಷೆ. ಲಕ್ಷ ಯುವಜನರಿಗೆ ಎಷ್ಟು ಕಾಲೇಜು ಎಂಬ ಲೆಕ್ಕದಲ್ಲಿ 2021-22ರ ಸಮೀಕ್ಷೆಯಂತೆ ದೇಶದ ಸರಾಸರಿ 30, ಕರ್ನಾಟಕದ್ದು 66. ಇಡೀ ದೇಶದಲ್ಲಿ ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ಬೆಂಗಳೂರು ನಗರ, ಅಲ್ಲಿ ಸಾವಿರಕ್ಕೂ ಹೆಚ್ಚು. ಈ ಸರಾಸರಿಯನ್ನು ನಂಬಿ ಕೂತರೆ ಯಾದಗಿರಿ, ರಾಯಚೂರುಗಳ ಒಳತಾಲ್ಲೂಕುಗಳ ಹುಡುಗಿಯ ಕಷ್ಟ ನಮಗೆ ಕಾಣುವುದೇ ಇಲ್ಲ. ಇದನ್ನು ಕಾಣುವ ವಿಧಾನ ಕಲಿಸಿದವರು ಡಾ. ಡಿ.ಎಂ. ನಂಜುಂಡಪ್ಪನವರು. ಕರ್ನಾಟಕ ಮತ್ತು ಬೆಂಗಳೂರು ಎರಡೂ ವಿಶ್ವವಿದ್ಯಾಲಯಗಳಿಗೆ ಕುಲಪತಿಗಳಾಗಿದ್ದ ಅವರ ನೇತೃತ್ವದ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಜಿಲ್ಲೆಯ ಸರಾಸರಿಯಲ್ಲಿ ಮುಚ್ಚಿಹೋಗುವ ಬಡತನವನ್ನು ತಾಲ್ಲೂಕಿನ ಲೆಕ್ಕ ಹೊರಗೆ ತಂದಿತು. ಉನ್ನತ ಶಿಕ್ಷಣಕ್ಕೂ ದೇಶಾದ್ಯಂತ ಇಂಥ ನಕ್ಷೆ ಬೇಕು. ಕಾಲೇಜು ಎಷ್ಟು ದೂರ, ಬೆಳಗಿನ ಮೊದಲ ತರಗತಿಗೆ ತಲುಪಿಸುವ ಬಸ್ಸು ಇದೆಯೇ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಎಷ್ಟು ಜಾಗ, ಎಷ್ಟು ಹುದ್ದೆ ಭರ್ತಿಯಾಗಿದೆ, ಪ್ರಯೋಗಾಲಯ ನಡೆಯುತ್ತಿದೆಯೇ ಎಂಬುದು ತಾಲ್ಲೂಕುವಾರು ಬರೆದಿರಬೇಕು. ದಾಖಲಾತಿ ದರದಲ್ಲಿ ದೇಶದ ಹೆಣ್ಣುಮಕ್ಕಳು ಗಂಡುಮಕ್ಕಳನ್ನು ಸ್ವಲ್ಪ ಮೀರಿದ್ದಾರೆ. ಬಸ್ಸು, ಹಾಸ್ಟೆಲ್ ಇದ್ದರೆ ಎಷ್ಟು ದೂರ ಹೋಗಬಲ್ಲರೆಂದು ಅವರು ತೋರಿಸಿಕೊಟ್ಟಾಗಿದೆ.

ನಾಲ್ಕನೆಯದು ಕೆಲಸದ ಹಂಚಿಕೆ ಮತ್ತು ಮೇಲೇರುವ ದಾರಿ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 1960ರಲ್ಲಿ ಒಂದು ಮಹಾಯೋಜನೆ ಮಾಡಿತು. ಕ್ಲಾರ್ಕ್ ಕೆರ್ ಅದರ ಮುಖ್ಯ ಶಿಲ್ಪಿ. ಶಾಲೆ ಮುಗಿಸಿದವರಲ್ಲಿ ಮೊದಲ ಎಂಟನೆಯ ಒಂದು ಭಾಗಕ್ಕೆ ಸಂಶೋಧನಾ ವಿಶ್ವವಿದ್ಯಾಲಯ, ಮೊದಲ ಮೂರನೆಯ ಒಂದು ಭಾಗಕ್ಕೆ ರಾಜ್ಯ ಕಾಲೇಜುಗಳು, ಇನ್ನು ಎಲ್ಲರಿಗೂ ಬಾಗಿಲು ತೆರೆದ ಸಮುದಾಯ ಕಾಲೇಜುಗಳು. ಕೆಳಗಿನ ಹಂತದಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರಿಗೆ ಮೇಲಿನ ಹಂತಕ್ಕೆ ಹೋಗುವ ಹಾದಿಯನ್ನೂ ಯೋಜನೆಯೇ ಬರೆಯಿತು. ಅವರ ನಾಡು ಬೇರೆ, ನಮ್ಮದು ಬೇರೆ, ನಕಲು ಮಾಡಬೇಕಿಲ್ಲ. ಆದರೆ ಯಾವ ಸಂಸ್ಥೆಯ ಕೆಲಸ ಏನೆಂದು ಸ್ಪಷ್ಟಪಡಿಸಿ, ಬಡವರ ಮಕ್ಕಳ ಕಾಲೇಜಿನಿಂದ ಶ್ರೇಷ್ಠ ವಿಶ್ವವಿದ್ಯಾಲಯಕ್ಕೆ ದಾರಿ ತೆರೆದಿಡುವ ಬುದ್ಧಿ ನಮಗೂ ಬೇಕು. ಮಾನ್ವಿಯ ಸರ್ಕಾರಿ ಕಾಲೇಜಿನಲ್ಲಿ ಎರಡು ವರ್ಷ ಗಣಿತದಲ್ಲಿ ಮಿಂಚಿದ ಹುಡುಗಿಗೆ ಮೂರನೆಯ ವರ್ಷ ಕೇಂದ್ರ ವಿಶ್ವವಿದ್ಯಾಲಯದಲ್ಲಿ ಕಾಯ್ದಿಟ್ಟ ಸ್ಥಾನ ಯಾಕಿರಬಾರದು?

ಐದನೆಯದು ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಬಿ.ಎಸ್ಸಿ. ತರಗತಿಗೆ ಬಂದ ಮೊದಲ ತಿಂಗಳಲ್ಲೇ ತಾನು ದಡ್ಡ ಎಂದು ತಪ್ಪು ತಿಳಿಯುತ್ತಾನೆ. ಅವನಿಗೆ ವಿಷಯ ಕಷ್ಟವಲ್ಲ, ಪುಸ್ತಕದ ಭಾಷೆ ಕಷ್ಟ. ಉನ್ನತ ಶಿಕ್ಷಣಕ್ಕೆ ಕನ್ನಡ ಒದಗಬಲ್ಲದೆಂದು 1956ರಿಂದ 60ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕುವೆಂಪು ಛಲದಿಂದ ವಾದಿಸಿದರು. ಅವರ ಕಾಲದಲ್ಲಿ ಇಲ್ಲದ ಸೌಲಭ್ಯಗಳು ಈಗಿವೆ. ಪ್ರತಿ ಪದವಿ ವಿಷಯಕ್ಕೂ ನಮ್ಮ ಭಾಷೆಯಲ್ಲಿ ವಿಶ್ವಾಸಾರ್ಹ ಪಠ್ಯ, ಜೊತೆಗೆ ಇಂಗ್ಲಿಷಿಗೆ ನಿಧಾನವಾಗಿ ದಾಟಿಸುವ ಒಂದು ವರ್ಷದ ಬೋಧನೆ ಎರಡನ್ನೂ ಯೋಜನೆ ಕಡ್ಡಾಯ ಮಾಡಬೇಕು.

ಇವೆಲ್ಲ ಆದ ಮೇಲೆ ಸ್ವಾಯತ್ತತೆ. ಅಧ್ಯಾಪಕರು ತುಂಬಿರುವ, ಗ್ರಂಥಾಲಯ ಜೀವಂತವಾಗಿರುವ ಕಾಲೇಜಿಗೆ ಮೊದಲು ಆಂತರಿಕ ಮೌಲ್ಯಮಾಪನದ ಪೂರ್ಣ ಹೊಣೆ, ಆಮೇಲೆ ಪಠ್ಯಕ್ರಮ, ಕೊನೆಗೆ ಪದವಿ. ಸುತ್ತಲಿನ ವಿಶ್ವವಿದ್ಯಾಲಯ ಕೈಹಿಡಿದು ನಡೆಸಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ 1994ರಿಂದ ನಮ್ಮ ಬೆಂಗಳೂರಿನಲ್ಲೇ ಇದೆ. ಅದು ಶ್ರೇಣಿ ಕೊಟ್ಟು ಹೋಗುವುದಕ್ಕೆ ನಿಲ್ಲದೆ, ಕಡಿಮೆ ಶ್ರೇಣಿ ಬಂದ ಕಾಲೇಜಿಗೆ ಏನು ಕೊಟ್ಟರೆ ಮೇಲೆ ಬಂದೀತೆಂದು ಬರೆದುಕೊಡಬೇಕು, ಆ ಬರಹಕ್ಕೆ ಹಣ ಹಿಂಬಾಲಿಸಬೇಕು.

ಕೇಳುಗರೆ, ಈ ಯೋಜನೆ ಸಂಸತ್ತು ಮತ್ತು ವಿಧಾನಸಭೆಗಳ ಎಲ್ಲ ಪಕ್ಷಗಳು ಒಪ್ಪಿದ ಹದಿನೈದು ವರ್ಷದ ಒಪ್ಪಂದವಾಗಬೇಕು. ಅಂಥ ಒಪ್ಪಂದ ಜನ ಕೇಳದೆ ಹುಟ್ಟುವುದಿಲ್ಲ. ನಿಮ್ಮೂರಿನ ಕಾಲೇಜಿಗೆ ಹೋಗಿ ವಿಚಾರಿಸಿ: ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು? ಕಳೆದ ವರ್ಷ ಗ್ರಂಥಾಲಯಕ್ಕೆ ಎಷ್ಟು ಪುಸ್ತಕ ಬಂತು? ಮೊದಲ ವರ್ಷ ಸೇರಿದವರಲ್ಲಿ ಕೊನೆಯ ವರ್ಷದವರೆಗೆ ಉಳಿದವರು ಎಷ್ಟು ಮಂದಿ? ಸಿಕ್ಕ ಉತ್ತರವನ್ನು ನಿಮ್ಮ ಶಾಸಕರ ಮುಂದೆ, ಸಂಸದರ ಮುಂದೆ ಇಡಿ. ವೋಟು ಕೇಳಲು ಬಂದಾಗಲೂ ಇಡಿ. ರಸ್ತೆ, ನೀರು, ಆಸ್ಪತ್ರೆಗಳ ಬಗ್ಗೆ ಕೇಳಲು ನಾವು ಕಲಿತಿದ್ದೇವೆ. ಪದವಿ ಕಾಲೇಜಿನ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಮುಂದಿನ ರಾಷ್ಟ್ರೀಯ ಯೋಜನೆ ಬರೆಯಲು ಕೂರುವವರಿಗೆ ನಾವು ಕೊಡಬೇಕಾದ ಮೊದಲ ಸಾಲು ಇಷ್ಟು: ದೇಶದ ಪ್ರತಿ ತಾಲ್ಲೂಕಿನ ಪದವಿ ಕಾಲೇಜಿನಲ್ಲಿ, ಮಂಜೂರಾದ ಪ್ರತಿ ಹುದ್ದೆಯಲ್ಲಿ, ಕಾಯಂ ಅಧ್ಯಾಪಕರು ಇರತಕ್ಕದ್ದು. ಎರಡನೆಯ ಸಾಲನ್ನು ಅವರು ಅದಾದ ಮೇಲೆ ಬರೆಯಲಿ.